ಮೊಲದ ಗೂಡಿನ ಚಿಲಕ

…ಅಲ್ಲ, ಕೀಲಿಕೈ ಅಲ್ಲಿ ಕಟ್ಟಿ ಮ್ಯಾಲ ಇಡಬ್ಯಾಡ ಸಲ್ಮಾ. ಕೊಡೂದಿದ್ರ ನನ್ನ ಕೈಯಾಗ ಕೊಡು. ಹನ್ನೊಂದು ವರ್ಷದ ಹಿಂದ ನಾ ಇದನ್ನ ನಿಂಗ ಕಟ್ಟಿ ಮ್ಯಾಲ ಇಟ್ಟು ಕೊಟ್ಟಿದ್ನೇನು? ಅಂಗೈಯಾಗ ಇಟ್ಟು, ಬೆರಳು ಮಡಚಿ ಕೊಟ್ಟಿದ್ದೆ. ಹಿತ್ತಲ ಬಾಗಿಲ ಇನ್ನ ಮ್ಯಾಲ ನಿಂದೂ ಹೌದು ಅಂದಿದ್ದೆ. ನೆನಪದ ಇಲ್ಲ?

ಹೂಂ ಅನ್ನು. ಇಲ್ಲಂದ್ರ ಉಹುಂ ಅನ್ನು.

ಹೋಗ್ಲಿ ಬಿಡು. ಕುಂದ್ರರ ಕುಂದ್ರು. ಈಗ ಮೂರು ಹೊಡದಾವ. ನಾಲ್ಕಕ್ಕ ಭೀಮಾಬಾಯಿ, ಪವಿತ್ರಾ, ಎಲ್ಲಾರೂ ಸಂಜಿ ರೊಟ್ಟಿ ಬಡಿಯಾಕ ಬರ್ತಾರ. ಅವ್ರು ಬರೂದ್ರಾಗ ನಾವಿಬ್ರು ಮಾತು ಮುಗಿಸೂಣು. ಅವ್ರ ಮುಂದ ಮಾತಾಡಿದ್ದು ಸಾಕಾಗ್ಯಾದ ನಂಗ.

ಚಾ ತಗೋ. ಯಾಲಕ್ಕಿ ಹಾಕೀನಿ, ನಿನ್ನ ಸಲುವಾಗಿ… ಒಲ್ಲಿ? ಇರ್ಲಿ, ಅಲ್ಲೇ ಇರ್ಲಿ, ಆರಲಿ.

ಎಂಟು ದಿನ ಆತು ನೀ ಈ ಹೊಸ್ತಿಲಾ ತುಳದು. ಎಂಟು ದಿನದಾಗ ಒಂದು ದಿನಾನೂ ಹಿಟ್ಟು ನಿನ್ನ ಕೈಯಾಗ ಬಂದಂಗ ಬಂದಿಲ್ಲ. ಪವಿತ್ರಾ ನಾದಿದ್ರ ಅಂಚು ಸೀಳತದ, ಭೀಮಾಬಾಯಿ ನಾದಿದ್ರ ಹಂಚಿಗೆ ಹತ್ತತದ. ಅದನ್ನ ಹೇಳಾಕ ನಿನ್ನ ಕರದಿಲ್ಲ ಬಿಡು. ನಾ ಕರದೇ ಇಲ್ಲ. ನೀನೇ ಬಂದಿ, ಕೀಲಿಕೈ ಕೊಟ್ಟು ಹೋಗಾಕ. ನಾ ಯಾರನ್ನೂ ಕರಿಯಾಕಿ ಅಲ್ಲ. ಶಹಾಪುರ ಬಸ್ ಸ್ಟ್ಯಾಂಡಿನಾಗ ಬುಟ್ಟಿ ಇಟ್ಕೊಂಡು ಕುಂತಾಗೂ ರೊಟ್ಟಿ ಬೇಕೇನ್ರಿ ಅಂತ ಕೂಗಿದಾಕಿ ಅಲ್ಲ. ಬೇಕಾದವ್ರು ತಾವೇ ಬಂದು ತಗೊಂಡ್ರು. ಹಂಗೇ ಬೆಳದೀನಿ. ಇವತ್ತು ಆರು ಹಂಚು, ಐದು ಮಂದಿ ಹೆಣ್ಮಕ್ಕಳು, ಮೂರು ಹಾಸ್ಟೆಲಿಗೆ ರೊಟ್ಟಿ. ಕಸ್ತೂರಿಬಾಯಿ ಮನಿ ಅಂದ್ರ ಆಟೋದವ್ರು ದಾರಿ ಕೇಳಂಗಿಲ್ಲ.

ಯಾಕ ಹಂಗ ನೋಡ್ತಿ? ಹೌದು, ನೀನೂ ಇದ್ದಿ. ಮೊದಲನೇ ಹಂಚು ಇಟ್ಟಾಗಿಂದ ಇದ್ದಿ. ಇಲ್ಲ ಅಂದ್ನೇನು ನಾ?

ಅದಕ್ಕೇ ಹೇಳಾಕತ್ತೀನಿ. ಬ್ಯಾರೆ ಯಾರರ ಮಾಡಿದ್ರ ನಂಗ ಇಷ್ಟು ಹತ್ತತಿದ್ದಿಲ್ಲ. ನರಿ ಮ್ಯಾಲ ನಂಗೇನು ಸಿಟ್ಟಿಲ್ಲ. ಅದು ನರಿ, ಅದರ ಹೊಟ್ಟಿ ಅದಕ್ಕ. ಆದ್ರ ಯಾರ ಅಂಗೈಯಾಗ ಕೀಲಿಕೈ ಇಟ್ಟಿದ್ನೋ ಅವ್ರೇ ಬಾಗಿಲ ತೆರದು ಹೋದ್ರ… ಅದನ್ನ ಎಲ್ಲಿ ಇಟ್ಕೊಳ್ಳಲಿ ಹೇಳು.

ಒಂದೊಂದೇ ಹೇಳ್ತೀನಿ, ಕೇಳು. ತಪ್ಪಿದ್ರ ತಪ್ಪು ಅನ್ನು.

ಮೂರು ವರ್ಷದ ಹಿಂದ ಸಂತಿಯಿಂದ ಒಂದು ಜೋಡಿ ಮೊಲ ತಂದೆ. ಮಂದಿ ಎಮ್ಮಿ ಕಟ್ತಾರ, ಕೋಳಿ ಸಾಕ್ತಾರ, ನಮ್ಮ ಅಕ್ಕ ನೋಡ್ರಿ ಹಾಲೂ ಕೊಡದ, ಮೊಟ್ಟಿನೂ ಇಡದ ಜೀವ ತಂದಾಳ ಅಂತ ನೀನೇ ನಕ್ಕಿ. ಈ ಮನ್ಯಾಗ ಎಲ್ಲಾರೂ ದುಡದು ಉಣ್ಣಾವ್ರೇ, ದುಡಿಯಲಾರದ ಉಣ್ಣಾವು ಎರಡರ ಇರ್ಲಿ ಅಂದೆ ನಾ. ಮರಿ ಆದ್ವು, ಕೇಳಿದವ್ರಿಗೆ ಕೊಟ್ಟೆ, ನಾಲ್ಕು ಉಳಿಸಿಕೊಂಡೆ. ಹೆಸರು ಇಟ್ಟಾಕಿ ನೀನು. ಹುರಿಯಾಕ ಹಾಕಿದ ಜೋಳದಂಗ ಜಿಗೀತದ ಅಂತ ಒಂದಕ್ಕ ಅಳ್ಳು ಅಂದಿ. ಬೆಳ್ಳಗ ಉಬ್ಬಿದ್ದಕ್ಕ ಹತ್ತಿ ಅಂದಿ. ಕೆಂಚಂದಕ್ಕ ಬೆಲ್ಲ, ಕರೀದಕ್ಕ ಮಸಿ. ಮುಂಜಾನಿ ಬಿಸಲು ಬಿದ್ದ ಮ್ಯಾಲ ಹಿತ್ತಲದಾಗ ಬಿಡ್ತಿದ್ವಿ. ಹಂಚಿನ ಮುಂದ ಕುಂತು ಬೆವರು ಒರಸ್ಕೋತ ಹೊರಗ ನೋಡಿದ್ರ, ನಾಲ್ಕು ಜೀವ ಯಾವ ಚಿಂತೀನೂ ಇಲ್ಲದಂಗ ಮೆಂತೆಪಲ್ಯ ತಿಂತಿದ್ವು. ಅಷ್ಟು ನೋಡಿದ್ರ ಸಾಕಾಗ್ತಿತ್ತು ನಂಗ.

ನರಿ ಬರ್ತದ ಅನ್ನೂದು ಮೊದಲೇ ಗೊತ್ತಿತ್ತು. ನಮ್ಮ ಬೇಲಿ ದಾಟಿದ್ರ ಕಾಲುವಿ ನೀರಿನ ಭತ್ತದ ಗದ್ದಿ, ಗದ್ದಿ ದಾಟಿದ್ರ ಗುಡ್ಡ. ಗದ್ದಿಯಾಗ ಇಲಿ, ಏಡಿ ಇರೂತನಕ ನರಿ ಅಲ್ಲೇ ಇರತದ. ಭತ್ತ ಕೊಯ್ದರು ಅಂದ್ರ ಊರ ಕಡಿ ಮುಖ ಮಾಡತದ. ಅದಕ್ಕೇ ಗೂಡು ಹ್ಯಾಂಗ ಮಾಡಿಸಿದೆ ನಾ, ನಿನ್ನ ಕಣ್ಣ ಮುಂದೇ ಮಾಡಿಸೀನಿ. ನಾ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲ್ತಾಕಿ. ಸುರಪುರದ ಬೋರ್ಡಿನ ಕಡೀ ಎರಡು ಅಕ್ಷರ ಶಹಾಪುರದ ಬೋರ್ಡಿನಾಗೂ ಅದಾವ ಅಂತ ಹೊಳದ ದಿನ, ಬುಟ್ಟಿ ಬಿಟ್ಟು ಬಸ್ಸಿನ ಸುತ್ತ ಎರಡು ಸಲ ತಿರಗೀನಿ. ಅಂಥಾಕಿ ಮೊಲ ಸಾಕೂ ಪುಸ್ತಕ ತರಿಸಿ, ಒಂದು ಸಾಲು ಬಿಡಲಾರದಂಗ ಓದಿ ಈ ಗೂಡು ಮಾಡಿಸೀನಿ.

ವೆಲ್ಡಿಂಗ್ ಭಾಗಣ್ಣ ಕೋಳಿ ಜಾಳಿನೇ ಸಾಕ್ರಿ ಅಂದ. ನರಿ ಹಲ್ಲಿಗೆ ಅದು ದಾರ ಇದ್ದಂಗ, ದಪ್ಪ ತಂತೀದು ಹಾಕಪಾ ಅಂದೆ. ಗೇಣು ಆಳ ಮಣ್ಣಾಗ ಹೂಳಿಸಿದೆ. ಅಷ್ಟಕ್ಕೂ ನಂಬಿಕಿ ಬರಲಿಲ್ಲ. ನರಿ ಕಬ್ಬಿಣದ ತಂಟೆಗೆ ಹೋಗಂಗಿಲ್ಲ, ಬುಡದ ಮಣ್ಣು ಕೆದರತದ. ಬುಡದಾಗ ಕಲ್ಲು ಇದ್ರ ಉಗುರಿಗೆ ಹಿಡತ ಸಿಗಂಗಿಲ್ಲ. ಅದಕ್ಕ ಸುತ್ತ ನಾಲ್ಕೂ ಕಡಿ ಪರಸಿ ಕಲ್ಲು ಹಾಸಿದ್ವಿ. ನೀನೂ ನಾನೂ ಆ ತುದಿ ಈ ತುದಿ ಹಿಡದು, ನಿನ್ನ ಹೆಬ್ಬೆರಳು ಜಜ್ಜಿ ಹೋಗಿತ್ತು. ಬಾಗಿಲಿಗೆ ಚಿಲಕ, ಚಿಲಕಕ್ಕ ಒಂದು ಬೋಲ್ಟು. ಹೊತ್ತು ಮುಣಗೂದ್ರಾಗ ನಾಲ್ಕೂ ಒಳಗ. ಮೂರು ವರ್ಷ ಒಂದು ರೋಮ ಕೊಂಕಿಲ್ಲ. ಅಂದ್ರ ಏನಾತು? ಕಲ್ಲು ಸರಿ ಇತ್ತು, ಜಾಳಿ ಸರಿ ಇತ್ತು. ತಪ್ಪಾಗೂದಿದ್ರ ಮನಷ್ಯಾರ ಕೈಯಿಂದೇ ಆಗಬೇಕು.

ಹೌದಿಲ್ಲ?

ಎಳ್ಳಮಾಸಿ ಹಬ್ಬಕ್ಕ ನಾ ತಿಂಥಣಿಗೆ ಹೋದೆ, ನಮ್ಮ ತಂಗಿ ರೇಣುಕಾನ ಹೊಲಕ್ಕ. ನಂಗ ಹೊಲ ಇಲ್ಲ. ಈ ಮನಿ, ಈ ಹಿತ್ತಲ, ಇಷ್ಟೇ ನನ್ನ ಭೂಮಿ. ಸಜ್ಜಿ ಕಡಬು, ಭಜ್ಜಿಪಲ್ಯ ಹೊಲದ ತುಂಬ ಚರಗ ಚೆಲ್ಲಿ, ಭೂಮಿಗೂ ಅದರ ಮ್ಯಾಲಿನ ಹುಳ ಹುಪ್ಪಡಿಗೂ ಉಣಿಸಿದ ಮ್ಯಾಲೇ ನಾವು ಕುಂತು ಉಣ್ಣೂದು. ಅವತ್ತು ಹೋದಾಕಿ ಅಲ್ಲೇ ಉಳೀಬೇಕು, ರೇಣುಕಾ ಬಿಡಂಗಿಲ್ಲ. ನಿಂಗ ಹೇಳಿ ಹೋಗಿದ್ದೆ. ಸಂಜಿಮುಂದ ಬಾ, ಪಲ್ಯ ಹಾಕು, ನಾಲ್ಕನ್ನೂ ಒಳಗ ಕೂಡಿಸು, ಚಿಲಕ ಹಾಕು, ಬೋಲ್ಟು ಹಾಕು. ನೀ ಹೂಂ ಅಂದಿ. ನಾ ಮತ್ತೊಮ್ಮೆ ಹೇಳಿದೆ. ಹನ್ನೊಂದು ವರ್ಷ ಆತು ಅಕ್ಕಾ, ಇನ್ನೂ ಎರಡೆರಡು ಸಲ ಹೇಳ್ತಿ ಅಂತ ಮುಖ ಗಂಟು ಹಾಕಿದಿ.

ಮರುದಿನ ಮೊದಲನೇ ಬಸ್ಸಿಗೆ ಬಂದೆ. ಕೈಯಾಗ ನಿನ್ನ ಸಲುವಾಗಿ ಕಡಬಿನ ಡಬ್ಬಿ ಇತ್ತು. ಹಿತ್ತಲಕ್ಕ ಬಂದ್ರ… ಅಳ್ಳು ಗೂಡಿನೊಳಗ ಬಿದ್ದಿತ್ತು. ಅದರ ಹಂತೇಕ ಬೆಲ್ಲ. ಹತ್ತಿ ಇಲ್ಲೇ ಇಲ್ಲ. ಅದರ ರೋಮ ಅಷ್ಟೇ, ಬೇಲಿ ತನಕ ಸಾಲಾಗಿ. ಮಸಿ ಒಂದು ಗೂಡಿನ ಮೂಲ್ಯಾಗ ನೀರಿನ ಬಾನಿ ಹಿಂದ ಉಸರು ಹಿಡದು ಕುಂತಿತ್ತು. ಕರ್ರಗ ಇದ್ದದ್ದಕ್ಕ ಕತ್ತಲಾಗ ಕಾಣಲಿಲ್ಲ, ಉಳೀತು.

ಅಷ್ಟರಾಗ ಭೀಮಾಬಾಯಿ ಬಂದಳು. ಗೂಡಿನ ಬಾಗಿಲ ತೆರದದ್ದು ನೋಡಿದಳು. ಅಯ್ಯ, ಚಿಲಕಾನೇ ಹಾಕಿಲ್ಲಲ್ಲ ಆಕಿ ಅಂದಳು. ಮೊದಲ ಅಂದಾಕಿ ನಾ ಅಲ್ಲ, ಭೀಮಾಬಾಯಿ.

ಆಮ್ಯಾಲ ನೀ ಬಂದಿ. ಏನೂ ಗೊತ್ತಿಲ್ಲದಾಕಿಯಂಗ ಬಂದು, ಕೈಕಾಲು ತೊಳದು, ಹಿಟ್ಟಿನ ಪರಾತದಾಗ ಕೈ ಇಟ್ಟಿ. ಎಲ್ಲಾರೂ ನಿಂತಿದ್ರು. ನಾ ಅಂದೆ, ಹೌದು, ಅಂದೆ: "ಮೂರು ಜೀವ ತಿನ್ನಿಸಿದ ಕೈ ಅದು, ಆ ಕೈಲೆ ನನ್ನ ಹಿಟ್ಟು ಮುಟ್ಟಬ್ಯಾಡ."

ಹಿಟ್ಟು ಮುಟ್ಟಬ್ಯಾಡ ಅಂದದ್ದು… ಬಾಯಿಂದ ಬಿದ್ದ ಮ್ಯಾಲ ಗೊತ್ತಾತು ನಂಗ, ಅದು ಎಲ್ಲಿಗೆ ಹೋಗಿ ನಾಟತದ ಅಂತ. ಭೀಮಾಬಾಯಿ ಸೆರಗು ಬಾಯಿಗೆ ಅಡ್ಡ ಹಿಡದಳು, ಕಣ್ಣಾಗ ನಗಿ ಇತ್ತು. ನಾ ಆ ಅರ್ಥದಾಗ ಅಂದಿಲ್ಲ ಸಲ್ಮಾ. ನಿನ್ನ ಕೈಯಾನ ಹಿಟ್ಟಿನ ರೊಟ್ಟಿ ಈ ಊರೆಲ್ಲಾ ಉಂಡದ, ದೇವರ ನೈವೇದ್ಯಕ್ಕೂ ಹೋಗ್ಯಾವ. ಆ ಅರ್ಥದಾಗ ಅಂದಿಲ್ಲ ಅನ್ನೂದು ನಿಂಗ ಗೊತ್ತಿರಬೇಕು.

ನೀ ಏನು ಮಾಡಿದಿ? ಬಕೀಟಿನಾಗ ಕೈ ತೊಳದಿ. ಬೆರಳ ಸಂದಿಯಾನ ಹಿಟ್ಟು ಒಂದೊಂದೇ ತಗದಿ. ಸೆರಗಿಗೆ ಒರಸಿಕೊಂಡು ಹೋದಿ. ತಪ್ಪಿಲ್ಲದಾಕಿ ಹಂಗ ಹೋಗ್ತಾಳೇನು? ನಾ ಹಾಕೀನಿ ಅಕ್ಕಾ, ನನ್ನ ಕೈಲೆ ಹಾಕೀನಿ ಅಂತ ಬಾಯಿ ಮಾಡಬೇಕಿತ್ತು. ನಾ ಆಗಿದ್ರ ಓಣಿ ಒಂದು ಮಾಡತಿದ್ದೆ. ನೀ ಸುಮ್ಮ ಹೋದಿ. ಸುಮ್ಮ ಹೋದದ್ದಕ್ಕೇ ಎಲ್ಲಾರೂ ಖರೇ ಅಂದುಕೊಂಡ್ರು. ನಾನೂ…

ಅತ್ತಾಗ ಏನು ನೋಡಾಕತ್ತಿ? ನನ್ನ ಮುಖ ನೋಡಿ ಮಾತಾಡು.

ಹಿತ್ತಲದಾಗ ಏನದ ನೋಡಾಕ? ಖಾಲಿ ಗೂಡು ಅದ. ಬೇಲಿ ಅದ. ಆ ಕಲ್ಲು? ಅದು ಬಟ್ಟಿ ಒಗಿಯೂ ಕಲ್ಲು. ಬೇಲಿ ಕಡಿಗೆ ಬಿಸಲು ಚಲೋ ಬೀಳತದ ಅಂತ ಅಲ್ಲಿ ಹಾಕೀನಿ. ಮೊದಲಿಂದ ಅಲ್ಲೇ ಅದ ಅದು.

…ನೋಡು, ನೋಡು ಇದನ್ನ. ಬುಟ್ಟಿ ಕೆಳಗ ಮುಚ್ಚಿ ಇಟ್ಟಿದ್ದೆ, ಮೂತಿಲೆ ಬುಟ್ಟಿ ನೂಕಿ ಹೊರಗ ಬಂತು. ಎಂಟು ದಿನ ಆತು, ನನ್ನ ಕೈಯಾಗ ಒಂದು ಎಲಿ ತಿಂದಿಲ್ಲ ಈ ಮಸಿ. ನಾ ಹತ್ತಿರ ಬಂದ್ರ ಗಡಗಡ ನಡಗತದ. ನಿನ್ನ ಕಾಲ ಕಡಿ ಹ್ಯಾಂಗ ಹೊಂಟದ ನೋಡು. ಎತ್ತಿಕೋ. ಎತ್ತಿಕೋ, ನಾ ಏನೂ ಅನ್ನಂಗಿಲ್ಲ. ಹೋಗಲಿ, ಇದರ ಮುಂದರ ಮಾತಾಡು.

ಎರಡು ತಿಂಗಳದ ಹಿಂದ ನೀ ನಂಗ ಹೇಳಿದ್ದಿ, ಹೌದು. ಇಲ್ಲ ಅನ್ನಂಗಿಲ್ಲ. ಅಕ್ಕಾ, ಬೇಲಿ ಬುಡದಾಗ ನರಿ ಹೆಜ್ಜಿ ಅದಾವ ಅಂತ ಕೈ ಹಿಡದು ಕರಕೊಂಡು ಹೋಗಿ ತೋರಿಸಿದಿ. ನಾಯಿ ಹೆಜ್ಜಿ ಬಿಡು ಅಂದೆ ನಾ. ನಾಯಿದೇ ಅನಿಸ್ತು ನಂಗ. ಗೂಡಿನ ಕೆಲಸ ಗಟ್ಟಿ ಇದ್ದ ಮ್ಯಾಲ ನಾಯಿ ಆದ್ರೇನು ನರಿ ಆದ್ರೇನು? ಭೀಮಾಬಾಯಿ ಅಂತೂ ನರಿ ಬಂದ್ರ ಚಲೋನೇ ಅಂದಳು, ಮುಂಜಾನಿ ನರಿ ಮುಖ ನೋಡಿದವ್ರಿಗೆ ಅವತ್ತು ಕೈ ಹಚ್ಚಿದ್ದೆಲ್ಲಾ ಆಗತದಂತ. ಆಕಿಗೆ ಚಲೋ ಬೈದೆ ಆವಾಗ. ನಾ ಇಂಥಾವೆಲ್ಲ ನಂಬಾಕಿ ಅಲ್ಲ ಅನ್ನೂದು ನಿಂಗ ಗೊತ್ತದ. ಬಾಗಿಲಿಗೆ ನಿಂಬಿಹಣ್ಣು ಕಟ್ಟಿದ್ರ ಕಿತ್ತಿ ಒಗದೀನಿ. ದಿನಾ ಪೇಪರ್ ಓದಿ ಹೇಳಿ ಅವ್ರ ತಲ್ಯಾನ ಹುಳ ತಗದೀನಿ…

ಯಾಕ ನಗ್ತಿ?

ನಕ್ಕಿ. ನಾ ನೋಡೀನಿ. ತುಟಿ ತುದಿಗೆ ನಕ್ಕಿ. ನಗೂ ಮಾತು ಏನು ಆಡಿದೆ ನಾ?

ಇರ್ಲಿ, ನಗು. ಹುಣಸಗಿಗೆ ಹೋಗಾಕಿ ನೀನು, ನಗದ ಏನು ಮಾಡ್ತಿ. ನಂಗ ಗೊತ್ತಿಲ್ಲ ಅಂದುಕೊಂಡಿಯೇನು? ಅಲ್ಲಿ ಹೊಸಾ ಖಾನಾವಳಿ ಹಾಕಿದ ಗೌಹರಬೇಗಂ ನಿನ್ನಿ ಫೋನ್ ಮಾಡಿದ್ದರು. ಉಮೆಸಲ್ಮಾ ಅನ್ನಾಕಿ ಕೆಲಸ ಕೇಳ್ಕೊಂಡು ಬಂದಿದ್ದಳು, ನಿಮ್ಮ ಕಡಿ ಭಾಳ ವರ್ಷ ಇದ್ದಳಂತ, ಹ್ಯಾಂಗ್ರಿ ಆಕಿ ಅಂತ ಕೇಳಿದ್ರು. ಎಂಟು ದಿನ. ಹನ್ನೊಂದು ವರ್ಷದ ಮನಿ ಬಿಡಾಕ ನಿಂಗ ಎಂಟು ದಿನ ಸಾಕಾದ್ವು. ಕೈ ತೊಳದಂಗ ತೊಳಕೊಂಡಿ.

ನಾ ಏನಂದೆ ಅಂತ ಕೇಳಂಗಿಲ್ಲ? ಕೇಳ್ತಿ ಅಂದುಕೊಂಡಿದ್ದೆ. ಕೈ ಬಂಗಾರ ಅದ ಅಂದೆ. ಹಿಟ್ಟಿನ ಹದ ಆಕಿಗೆ ಗೊತ್ತಿದ್ದಂಗ ಈ ಜಿಲ್ಲೆದಾಗ ಯಾರಿಗೂ ಗೊತ್ತಿಲ್ಲ ಅಂದೆ. ಆಮ್ಯಾಲ… ಜರಾ ಮರವು ಅದ ಅಂದೆ. ಕೀಲಿ, ಚಿಲಕ, ಅಂಥಾದ್ರಾಗ ಭರವಸಿ ಇಡಬ್ಯಾಡ್ರಿ ಅಂದೆ. ಆಯ್ತ್ರಿ, ಹಂಗಿದ್ರ ನೋಡೂಣು ಅಂತ ಫೋನ್ ಇಟ್ಟುಬಿಟ್ರು ಅವ್ರು.

ನೋಡು, ಹೋಗಬ್ಯಾಡ. ನಿಂತಿ ಯಾಕ, ಕುಂದ್ರು. ನಾ ನಿನ್ನ ಹೊಟ್ಟಿ ಮ್ಯಾಲ ಹೊಡಿಯಾಕಿ ಅಲ್ಲ. ಹುಣಸಗಿ ಯಾಕ ಬೇಕು ನಿಂಗ? ಇಲ್ಲೇ ಇರು. ಕೀಲಿಕೈ ನಿನ್ನ ಕಡೀನೇ ಇರ್ಲಿ. ಒಂದೇ ಒಂದು ಮಾತು, ಈಗ ಅವ್ರು ಬಂದ ಮ್ಯಾಲ ಅವ್ರ ಮುಂದ, ಮರತೆ ಅನ್ನು. ಹಬ್ಬದ ಗದ್ದಲದಾಗ ಚಿಲಕ ಮರತೆ ಅನ್ನು, ಸಾಕು. ನಾ ಅಲ್ಲೇ ಮುಗಿಸಿಬಿಡ್ತೀನಿ. ಮರವು ಯಾರಿಗಿಲ್ಲ? ಒಂದು ಮಾತಿನ ಕೆಲಸ. ನೀ ಅಷ್ಟು ಅಂದ್ರ ನನ್ನ ಮಾತು ನನ್ನ ಬಾಯಾಗ ಉಳೀತದ, ನಿನ್ನ ಜಾಗ ನಿಂಗ ಉಳೀತದ.

ಒಲ್ಲಿ?

ಸಲ್ಮಾ, ನಿನ್ನ ಹಟಾನೂ ಕಡಿಮಿ ಇಲ್ಲ. ಇಷ್ಟು ವರ್ಷ ನನ್ನ ಹಟಾ ಅಂತ ಅಂತಿದ್ದಿ. ಏನು ಮಾಡಿದಿ ನೀ ಅವತ್ತು, ಅದನ್ನರ ಹೇಳು. ಬಂದಿ, ಪಲ್ಯ ಹಾಕಿದಿ. ಆಮ್ಯಾಲ ಗೂಡಿನ ಹಿಂದಕ್ಕ ಹೋಗಿದ್ದಿಯೇನು? ಹಿಂದಕ್ಕ ಯಾಕ ಹೋಗಬೇಕಿತ್ತು ನೀ? ಹೋದ ಮ್ಯಾಲ ನಂಗ ಒಂದು ಫೋನ್ ಮಾಡಾಕ ಏನಾಗಿತ್ತು? ನರಿ ಬರ್ತದ ಅಂತ ನಿಂಗ ಗೊತ್ತಿತ್ತಲ್ಲ, ಎರಡು ಇಟ್ಟಂಗಿ ಅಡ್ಡ ಇಟ್ರ ಅದು ನಿಲ್ಲತದ ಅಂದುಕೊಂಡಿಯೇನು…

…

ಏನಂದೆ ನಾ?

ಇಟ್ಟಂಗಿ ಅಂದ್ನಾ. ಅಂದೆ.

ಆ ಇಟ್ಟಂಗಿ ಯಾರೂ ನೋಡಿಲ್ಲ. ಭೀಮಾಬಾಯಿ ಬರೂದ್ರಾಗ ಎರಡೂ ಎತ್ತಿ ಹಳೀ ಒಲಿ ಹಂತೇಕ ಒಗದಿದ್ದೆ. ನರಿ ತೋಡಿದ ಮಣ್ಣು ಕಾಲಿಲೆ ನೂಕಿ ತಗ್ಗು ಮುಚ್ಚಿದ್ದೆ. ನಿಂಗ ಗೊತ್ತು, ನಂಗ ಗೊತ್ತು, ಅಷ್ಟೇ.

ಹಂಗ ನೋಡಬ್ಯಾಡ ನನ್ನ. ಬೈದುಬಿಡು, ಅದು ಬ್ಯಾರೆ. ಹಂಗ ನೋಡಬ್ಯಾಡ.

ಬಟ್ಟಿ ಒಗಿಯೂ ಕಲ್ಲಲ್ಲ ಅದು. ಗೂಡಿನ ಹಿಂದಿನ ಪರಸಿ. ನಿನ್ನ ಹೆಬ್ಬೆರಳು ಜಜ್ಜಿದ್ದು ಅದೇ ಕಲ್ಲು, ನಿನ್ನ ಕಣ್ಣಿಗೆ ಗುರ್ತು ಹತ್ತದಂಗ ಇರತದೇನು? ಎಳದು ಒಯ್ದಾಕಿ ನಾನು. ದಿನಾ ಒಯ್ತಿದ್ದೆ. ದಿನಾ ತಂದು ಮತ್ತ ಅದರ ಜಾಗಕ್ಕ ಹಾಕ್ತಿದ್ದೆ, ನೀವೆಲ್ಲಾ ಬರೂದ್ರಾಗ.

ದೀಪಾವಳಿ ಆದ ಮ್ಯಾಲ ಒಂದು ದಿನ ಮುಂಜಾನಿ ಹಿತ್ತಲ ಬಾಗಿಲ ತೆರದ್ರ ಬೇಲಿ ಹಂತೇಕ ನರಿ ನಿಂತಿತ್ತು. ಓಡಲಿಲ್ಲ. ನನ್ನ ಮುಖ ಅದು, ಅದರ ಮುಖ ನಾ, ಎಷ್ಟೊತ್ತು ನೋಡಿದ್ವೋ. ಅವತ್ತು ಹನ್ನೊಂದಕ್ಕ ಮೂರನೇ ಹಾಸ್ಟೆಲಿನವ್ರು ಬಂದು ನಾಳಿಯಿಂದ ರೊಟ್ಟಿ ಕಳಸ್ರಿ ಅಂದ್ರು. ಎರಡು ವರ್ಷ ಅಲೆದಾಡಿದ್ರೂ ಆಗಿದ್ದಿಲ್ಲ ಅದು. ನಮ್ಮವ್ವಾನೂ ಅಂತಿದ್ದಳು ನರಿ ಮುಖದ ಮಾತು. ಭೀಮಾಬಾಯಿಗೆ ಬೈದಾಕಿ ನಾನೇ, ಮರುದಿನ ನಸಕಿನಾಗ ಎದ್ದು ಬಾಗಿಲ ಸಂದಿಯಾಗ ಕಣ್ಣು ಇಟ್ಟಾಕಿನೂ ನಾನೇ. ಬರಲಿಲ್ಲ. ಒಂದು ರೊಟ್ಟಿ ಹಾಲಾಗ ನೆನಸಿ ಇಟ್ಟೆ, ಬಂತು. ಸ್ಟೀಲಿನ ತಾಟು ಹೊಳದ್ರ ಬೆದರತದ, ಮಣ್ಣಾಗ ಹಾಕಿದ್ರ ಇರುವಿ ಮುತ್ತತಾವ. ಕಲ್ಲಿನ ಮ್ಯಾಲ ಇಟ್ರ ಬಂದು ತಿಂದು ಹೋಗ್ತಿತ್ತು. ಹಿಂದಿನ ಪರಸಿ ಯಾರ ಕಣ್ಣಿಗೂ ಬೀಳಂಗಿಲ್ಲ, ಅದನ್ನೇ ಎಳದೆ. ಅದರ ಮುಖ ನೋಡಿ, ಅದು ಗುಡ್ಡದ ಕಡಿ ಹೋದ ಮ್ಯಾಲ ಕಲ್ಲು ತಂದು ಜಾಗಕ್ಕ ಹಾಕಿ, ಜಳಕ ಮಾಡಿ, ನಿಮಗ ಪೇಪರ್ ಓದಿ ಹೇಳ್ತಿದ್ದೆ.

ಎಳ್ಳಮಾಸಿ ದಿನ ಅದಕ್ಕೂ ಕಡಬು ಇಟ್ಟೆ. ಮಂದಿ ತಮ್ಮ ಹೊಲದಾಗ ಚರಗ ಚೆಲ್ತಾರ, ನನ್ನ ಭೂಮಿಯಾಗ ಬರೂ ಜೀವ ಅದೊಂದೇ ಅನಿಸ್ತು. ಒಂದು ಕಡಬು ಅಲ್ಲ, ಐದು ಇಟ್ಟೆ. ಮರುದಿನ ನಾ ಇರಂಗಿಲ್ಲ, ಅಂತ. ಅಷ್ಟರಾಗ ರೇಣುಕಾನ ಫೋನ್, ಬಸ್ಸು ಹೋಗತದ ಬಾ ಬಾ ಅಂತ. ಕೈಯಾಗ ಭಜ್ಜಿ ಗಡಿಗಿ. ಕಲ್ಲು ಅಲ್ಲೇ ಬಿಟ್ಟೆ. ಬಸ್ಸು ಕಕ್ಕೇರಿ ದಾಟಿದ ಮ್ಯಾಲ ನೆನಪಾತು. ನೆನಪಾಗಿದ್ದು ಖರೇ. ನಿಂಗ ಫೋನ್ ಮಾಡಬೇಕಂತ ಕೈಯಾಗ ತಗೊಂಡೆ. ಏನಂತ ಹೇಳ್ಲಿ? ನರಿಗೆ ಉಣ್ಣಾಕ ಇಟ್ಟ ಕಲ್ಲು ತಗದು ಗೂಡಿಗೆ ಹಚ್ಚು ಅಂತನಾ? ಒಂದು ದಿನಕ್ಕೇನಾಗತದ ಅಂತ ಫೋನ್ ಒಳಗ ಇಟ್ಟೆ.

ಎರಡು ತಿಂಗಳ ಉಣಿಸೀನಿ ಸಲ್ಮಾ ಅದಕ್ಕ. ನನ್ನ ಕೈಯಾರೆ. ಅದು ನನ್ನ ಗೂಡಿಗೇ ಬಾಯಿ ಹಾಕತದ ಅಂತ… ಅದು ಮೋಸ ಅಲ್ಲಾ? ಅಲ್ಲ, ಅದು ನರಿ. ಅದಕ್ಕೇನು ಗೊತ್ತು.

ನೀ ಅವತ್ತು ಸಂಜಿಮುಂದ ಎಲ್ಲಾ ನೋಡಿದಿ. ಕಲ್ಲು, ಕಲ್ಲಿನ ಮ್ಯಾಲಿನ ಕಡಬು. ನನ್ನ ಕೈಯಾನ ಕಡಬಿನ ಅಂಚು ನಿಂಗ ಗೊತ್ತಾಗದ ಇರತದೇನು? ಬೆರಳು ಜಜ್ಜಿದ ಮ್ಯಾಲ ನಿಂಗ ಆ ಕಲ್ಲು ಒಬ್ಬಾಕಿಗೇ ಎತ್ತಾಕ ಆಗಂಗಿಲ್ಲ, ಅದಕ್ಕ ಸಿಕ್ಕ ಎರಡು ಇಟ್ಟಂಗಿ ಇಟ್ಟಿ. ಮಂದೀನ್ನ ಕರದಿದ್ರ ಎತ್ತಿ ಹಾಕತಿದ್ರು. ಕರೀಲಿಲ್ಲ ನೀ. ಕರದ್ರ ಅವ್ರೂ ಕಡಬು ನೋಡತಿದ್ರು.

ಮರುದಿನ ಎಲ್ಲಾರ ಮುಂದ ನಾ ನಿಂಗ ಆ ಮಾತು ಅಂದಾಗ, ಒಂದು ಬೆರಳು ಬೇಲಿ ಕಡಿ ತೋರಿಸಿದ್ರ ಮುಗೀತಿತ್ತು. ಯಾಕ ತೋರಿಸಲಿಲ್ಲ?

ಹೇಳು. ಎಂಟು ದಿನದಿಂದ ಅದನ್ನೇ ಕೇಳಾಕತ್ತೀನಿ ನಾ, ಹಿಟ್ಟು ನಾದೂವಾಗ, ಮಲಗೂವಾಗ. ನಂಗ ಸಿಟ್ಟು ಬಂದದ್ದು ಅದಕ್ಕೇ. ನೀ ಅಂದುಬಿಟ್ಟಿದ್ರ ನಾನೂ ಜಗಳಾಡತಿದ್ದೆ, ಸೋಲತಿದ್ದೆ, ಮುಗೀತಿತ್ತು. ನೀ ಕೈ ತೊಳದು ಹೋದಿ. ನನ್ನ ಮರ್ಯಾದಿ ನನ್ನ ಹಂತೇಕೇ ಬಿಟ್ಟು ಹೋದಿ. ಇದನ್ನ ಇಟ್ಕೊಂಡು ಏನು ಮಾಡ್ಲಿ ನಾ?

ಎದ್ದಿಯಾ?

ಎಲ್ಲಿ ಹೊಂಟಿ? ಸಲ್ಮಾ… ಮೊಲ ಇಳಿಸು, ಬುಟ್ಟಿಯಾಗ ಇಡು, ಹಾಂ. ಅತ್ತಾಗ ಯಾಕ? ಬ್ಯಾಡ, ಆ ಕಲ್ಲು ಮುಟ್ಟಬ್ಯಾಡ. ಭಾರ ಅದ. ಒಬ್ಬಾಕಿನೇ ಎತ್ತಬ್ಯಾಡ ಅಂದ್ನಿಲ್ಲ? ಇರು, ಬಂದೆ. ಈ ತುದಿ ನಾ ಹಿಡೀತೀನಿ. ಬೆರಳು ನೋಡಿಕೋ. ನಿಧಾನ… ನಿಧಾನ. ಎಂಟು ದಿನ ಇದನ್ನ ಮುಟ್ಟಾಕ ಧೈರ್ಯ ಆಗಿಲ್ಲ ನಂಗ.

ಬಾಗಿಲ ಸದ್ದು. ಬಂದ್ರು ಅವ್ರು. ನಾಲ್ಕು ಹೊಡದ್ವೇನು ಆಗ್ಲೇ?

ಬಾ ಭೀಮಾಬಾಯಿ. ಹೌದು, ಸಲ್ಮಾ ಬಂದಾಳ. ಯಾಕ ಬಂದಾಳ ಅಂತ ಆಕೀನ್ನೇ ಕೇಳು. ಏನು? ತಪ್ಪು ಒಪ್ಪಿಕೊಂಡಳಾ ಅಂತ ಕೇಳ್ತಿ?

ಸಲ್ಮಾ, ಹೇಳು. ಎಲ್ಲಾರೂ ಅದಾರ, ಈಗರ ಹೇಳು. ನಾ ಅಡ್ಡ ಬರಂಗಿಲ್ಲ. ನೀ ಏನು ಅಂದ್ರೂ ಹೌದು ಅಂತೀನಿ.

…ಈಗೂ ಒಲ್ಲಿ.

ಕಲ್ಲು ಇಳಿಸು. ಇಲ್ಲೇ, ಇದರ ಜಾಗಕ್ಕ. ಹೂಂ, ಕುಂತಿತು.

ಪವಿತ್ರಾ, ಹಿಟ್ಟಿಗೆ ಕೈ ಹಚ್ಚಬ್ಯಾಡ ಇನ್ನೂ. ಹಿಟ್ಟು ಸಲ್ಮಾ ನಾದ್ತಾಳ. ಎಲ್ಲಾರೂ ಇತ್ತಾಗ ಬರ್ರಿ, ಭೀಮಾಬಾಯಿ ನೀ ಮುಂದ ಬಾ. ಎಂಟು ದಿನದ ಹಿಂದ ಒಂದು ಮಾತು ಅಂದಿದ್ದೆ ನಾ ನಿಮ್ಮ ಮುಂದ. ಅವತ್ತು ಮುಂಜಾನಿ ನಾ ತಿಂಥಣಿಯಿಂದ ಬಂದಾಗ ಈ ಗೂಡಿನ ಚಿಲಕ ಹಾಕಿತ್ತು. ಬೋಲ್ಟೂ ಹಾಕಿತ್ತು. ಮಸಿನ್ನ ಎತ್ತಿಕೊಳ್ಳಾಕ ತಗದಾಕಿ ನಾನು.